ಹೊಸ ಮಗು ಬಂದ ರಾತ್ರಿ

ವಿರಾಜಪೇಟೆ ಕಡೆಯ ನಮ್ಮ ಕ್ರೈಸ್ತ ಸಂಸ್ಥೆಯ ಮಕ್ಕಳ ಆಶ್ರಯ ಮನೆಯಲ್ಲಿ ಕೆಲಸಕ್ಕೆ ಸೇರುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಮಗುವಿಗೆ ಪ್ರಶ್ನೆ ಕೇಳಬೇಡಿ. ಯಾರು ಹೊಡೆದರು, ಅಮ್ಮ ಎಲ್ಲಿ, ಏನೂ ಬೇಡ. ಅದಕ್ಕೆ ತರಬೇತಿ ಪಡೆದವರಿದ್ದಾರೆ. ಬಿಸಿ ಗಂಜಿ ಕೊಡಿ. ಶೌಚಾಲಯದ ಚಿಲಕ ಒಳಗಿನಿಂದ ಹಾಕುವುದು ಹೇಗೆ ಅಂತ ತೋರಿಸಿ. ಕೆಲವು ಮಕ್ಕಳು ಅದನ್ನು ನಾಲ್ಕೈದು ಸಲ ಹಾಕಿ, ತೆಗೆದು ನೋಡುತ್ತಾರೆ. ನೋಡಲಿ ಬಿಡಿ.

ಲೈಂಗಿಕ ದೌರ್ಜನ್ಯದ ಅನುಮಾನ ಇದ್ದರೆ ಪೊಲೀಸರಿಗೆ ತಿಳಿಸಲೇಬೇಕು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಹಾಗೆ ಹೇಳುತ್ತದೆ. ಸಾಕ್ಷ್ಯ ಅಳಿಯಬಾರದು, ಹಾಗಾಗಿ ವೈದ್ಯರು ನೋಡುವ ತನಕ ಸ್ನಾನ ಬೇಡ, ಬಟ್ಟೆ ಒಗೆಯುವುದೂ ಬೇಡ. ಬಟ್ಟೆಯನ್ನು ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಲ್ಲ.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಇದರಲ್ಲಿ ಸೇರುವುದಿಲ್ಲ. ನಮ್ಮ ಮಳೆಗಾಲದ ರಸ್ತೆಗೆ ಅದು ಬೇಕೇ ಬೇಕು, ಅಲ್ವಾ?

ಸಂಜೆ ಪ್ರಾರ್ಥನೆಗೆ ಒತ್ತಾಯ ಬೇಡ. ಸುಮ್ನೆ ಜಗಲಿಯಲ್ಲಿ ನಾಯಿ ಜೊತೆ ಕೂತರೂ ಸರಿ.

ಇನ್ನು ದಾನಿಗಳಿಗೆ: ಕ್ರಿಸ್‌ಮಸ್‌ಗೆ ಕೇಕ್ ತರುವವರು ಜಾಸ್ತಿ. ಜುಲೈನಲ್ಲಿ ಒಣಗಿದ ಚಡ್ಡಿ ಸಿಗುವುದಿಲ್ಲ, ಅದನ್ನು ತನ್ನಿ. ಮಕ್ಕಳ ಜೊತೆ ಫೋಟೋ ಮಾತ್ರ ಕೇಳಬೇಡಿ. ಅವರ ಗುರುತು ಬಯಲು ಮಾಡುವುದು ಅಪರಾಧ.