ಯಾವ ವರ್ಷದ ಹುಡುಗರು ಮೇಲು? ಕಾಲೇಜ್ ಫುಟ್‌ಬಾಲ್ ಕ್ಲಾಸ್‌ಗಳನ್ನು ನಾನು ತೂಗಿದ ಬಗೆ

ಅಮೆರಿಕದ ಕೊಲಂಬಸ್‌ನಲ್ಲಿ ಮನೆ ಮಾಡಿದ ಮೇಲೆ ಫುಟ್‌ಬಾಲ್ (ಇಲ್ಲಿನ ಅಮೆರಿಕನ್ ಫುಟ್‌ಬಾಲ್) ಇಷ್ಟವೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಈ ಊರಿನ ವಿಶ್ವವಿದ್ಯಾಲಯ ಓಹಾಯೋ ಸ್ಟೇಟ್‌ನ ಪಂದ್ಯ ಇರುವ ಶನಿವಾರ ತರಕಾರಿ ತರುವ ಹೊತ್ತನ್ನೂ ಅದನ್ನು ನೋಡಿಯೇ ಗೊತ್ತು ಮಾಡಬೇಕು. ನಾನೂ ಮೊದಲು ಸುಮ್ನೆ ಪಂದ್ಯ ನೋಡುತ್ತಿದ್ದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಒಂದೇ ಜಗಳ ಪದೇಪದೇ ಬರುತ್ತಿತ್ತು: ಓಹಾಯೋ ಸ್ಟೇಟ್‌ಗೆ 2013ರಲ್ಲಿ ಬಂದ ಹುಡುಗರು ದೊಡ್ಡವರೋ, 2017ರಲ್ಲಿ ಬಂದವರೋ? ನನ್ನ ಹೊಟ್ಟೆಪಾಡೇ ಅಂಕಿಅಂಶ. ಬಾಯಿಮಾತಿನಲ್ಲಿ ಮುಗಿಯದ್ದನ್ನು ಎಕ್ಸೆಲ್‌ನಲ್ಲಿ ಹಾಕಿ ನೋಡೋಣ ಎಂದು ಕೂತೆ.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ವರ್ಷ ಹೈಸ್ಕೂಲ್ ಮುಗಿಸಿ ಒಂದು ಕಾಲೇಜ್ ತಂಡಕ್ಕೆ ಸಹಿ ಹಾಕುವ ಹುಡುಗರ ಗುಂಪಿಗೆ ಇಲ್ಲಿ ರಿಕ್ರೂಟಿಂಗ್ ಕ್ಲಾಸ್ ಎನ್ನುತ್ತಾರೆ. ಮೈಸೂರಿನಲ್ಲಿರುವ ನಮ್ಮ ಭಾವ ಇದನ್ನು ಕೇಳಿ "ಐಪಿಎಲ್ ಹರಾಜಿನ ಥರಾನಾ?" ಅಂದರು. ಪೂರ್ತಿ ಉಲ್ಟಾ ಭಾವ, ಅಂದೆ. ಹರಾಜಿನಲ್ಲಿ ತಂಡ ಆಟಗಾರನನ್ನು ಕೊಳ್ಳುತ್ತದೆ. ಇಲ್ಲಿ ಹದಿನೇಳು ಹದಿನೆಂಟರ ಹುಡುಗ ಕಾಲೇಜನ್ನು ಆರಿಸಿಕೊಳ್ಳುತ್ತಾನೆ. ಕೋಟಿಗಟ್ಟಲೆ ಸಂಬಳದ ಕೋಚ್‌ಗಳು ಅವನ ಮನೆಗೇ ಹೋಗಿ, ಸೋಫಾದ ಮೇಲೆ ಕೂತು, ಅವನ ಅಮ್ಮನನ್ನು ಒಪ್ಪಿಸಬೇಕು.

ಈ ಹುಡುಗರಿಗೆ ಅಂಕ ಹಾಕುವುದೇ ಒಂದು ದೊಡ್ಡ ವ್ಯಾಪಾರ. ರೈವಲ್ಸ್, ಇಎಸ್‌ಪಿಎನ್, 247ಸ್ಪೋರ್ಟ್ಸ್ ಎಂಬ ಸಂಸ್ಥೆಗಳೆಲ್ಲ ಐದರವರೆಗೆ ಸ್ಟಾರ್ ಕೊಡುತ್ತವೆ. 247ಸ್ಪೋರ್ಟ್ಸ್‌ನವರು ಬೇರೆಯವರ ಅಂಕಗಳನ್ನೂ ಸೇರಿಸಿ "ಕಾಂಪೊಸಿಟ್" ಎಂಬ ಒಂದೇ ಅಂಕ ಮಾಡುತ್ತಾರೆ. ಪೂರ್ತಿ ಅಂಕ 1.0000. ಫೈವ್ ಸ್ಟಾರ್ ಸಿಗುವುದು ದೇಶದಲ್ಲೆಲ್ಲ ವರ್ಷಕ್ಕೆ ಸುಮಾರು 32 ಜನರಿಗೆ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜ್ ಹುಡುಗರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ 32 ಆಯ್ಕೆ ಇರುತ್ತವಲ್ವಾ, ಅದನ್ನು ನೋಡಿಯೇ ಆ ಗೆರೆ ಎಳೆದಿದ್ದಾರೆ. ಅಂದರೆ ಫೈವ್ ಸ್ಟಾರ್ ಕೊಟ್ಟಾಗಲೇ "ಇವನು ಮುಂದೆ ಮೊದಲ ಸುತ್ತಿನಲ್ಲಿ ಹೋಗುತ್ತಾನೆ" ಎಂದು ಪಣ ಕಟ್ಟಿದ ಹಾಗೆ. ಕೆಲವು ವರ್ಷ ಬಿಟ್ಟು ಅದೇ ಡ್ರಾಫ್ಟನ್ನು ಎದುರಿಟ್ಟು ನೋಡಿದರೆ ಅನ್ಯಾಯವೇನಿಲ್ಲ.

ಇಡೀ ಕ್ಲಾಸ್‌ಗೆ ಅಂಕ ಕೊಡುವಾಗ ಅವರು ಸುಮ್ನೆ ಕೂಡಿಸುವುದಿಲ್ಲ. ಕ್ಲಾಸ್‌ನ ಅತ್ಯುತ್ತಮ ಹುಡುಗನ ಅಂಕ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಕೆಳಗಿಳಿದಂತೆ ತೂಕ ಕಡಿಮೆಯಾಗುತ್ತಾ ಹೋಗಿ, ಇಪ್ಪತ್ತೈದನೆಯವನ ಹೊತ್ತಿಗೆ ಹೆಚ್ಚುಕಡಿಮೆ ಏನೂ ಉಳಿದಿರುವುದಿಲ್ಲ. ಇದು ಜಾಣತನದ ಸೂತ್ರ. ಆದರೂ ಜನ ಜಾಸ್ತಿ ಇದ್ದರೆ ಸ್ವಲ್ಪ ಲಾಭ ಇದ್ದೇ ಇದೆ. 2017ರಲ್ಲಿ ಇದು ಎದ್ದು ಕಂಡಿತು. ಓಹಾಯೋ ಸ್ಟೇಟ್ 21 ಹುಡುಗರನ್ನು ಮಾತ್ರ ತೆಗೆದುಕೊಂಡಿತು. ತಲಾ ಸರಾಸರಿಯಲ್ಲಿ ಅವರೇ ಮುಂದು. ಆದರೆ ಇಪ್ಪತ್ತೈದಕ್ಕೂ ಜಾಸ್ತಿ ಜನ ಇದ್ದ ಅಲಬಾಮಾ ಒಟ್ಟು ಅಂಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಹಾಗಾಗಿ ನಾನು ಎರಡು ಹಾಳೆ ಮಾಡಿಕೊಂಡೆ. ಒಂದರಲ್ಲಿ ಸಹಿ ಹಾಕಿದ ದಿನದ ನಿರೀಕ್ಷೆ, ಇನ್ನೊಂದರಲ್ಲಿ ಆಮೇಲೆ ಕೈಗೆ ಬಂದದ್ದು. ಇವೆರಡನ್ನೂ ಕಲೆಸಿ ಒಂದೇ ನಂಬರ್ ಮಾಡಬಾರದು ಎಂದು ಮೊದಲೇ ಗೆರೆ ಎಳೆದುಕೊಂಡೆ. ಟಿವಿಯಲ್ಲಿ ನಡೆಯುವ ಅರ್ಧ ವಾದ ಈ ಕಲಸುಮೇಲೋಗರದಿಂದಲೇ ಹುಟ್ಟುತ್ತದೆ.

ಮೊದಲ ಹಾಳೆಯಲ್ಲಿ ದಶಮಾಂಶದ ಅಂಕಗಳನ್ನು ಬಿಟ್ಟುಬಿಟ್ಟೆ. ಕಾರಣ ಇದೆ. 247ಸ್ಪೋರ್ಟ್ಸ್ ಶುರುವಾದದ್ದೇ 2010ರಲ್ಲಿ. ಅದಕ್ಕೂ ಹಿಂದಿನ ವರ್ಷಗಳ ಕಾಂಪೊಸಿಟ್ ಅಂಕ ಹಳೆಯ ರೇಟಿಂಗ್‌ಗಳಿಂದ ಆಮೇಲೆ ಕಟ್ಟಿದ್ದು. ಒಳಗೆ ಸೇರುವ ಸಾಮಾನೂ ಬದಲಾಗುತ್ತಾ ಬಂದಿದೆ: ಸ್ಕೌಟ್ ಎನ್ನುವ ಸಂಸ್ಥೆ 2017ರಲ್ಲಿ 247ಸ್ಪೋರ್ಟ್ಸ್‌ನಲ್ಲಿ ಕರಗಿಹೋಯಿತು. 2005ರ 0.9500ಗೂ 2020ರ 0.9500ಗೂ ಅದೇ ಬೆಲೆ ಎಂದು ಹೇಳುವ ಧೈರ್ಯ ನನಗಿಲ್ಲ. ಅದರ ಬದಲು ಆ ವರ್ಷ ದೇಶದಲ್ಲಿ ಅವನು ಎಷ್ಟನೆಯವನು ಎಂದಷ್ಟೇ ಬರೆದೆ. ಮೊದಲ 32ರೊಳಗೆ, 100ರೊಳಗೆ, 300ರೊಳಗೆ, ಉಳಿದವರು. ಅಂಕ ಹಾಕುವವರ ಕೈ ಬಿಗಿಯೋ ಸಡಿಲವೋ, ನೂರನೆಯವನು ನೂರನೆಯವನೇ.

ಚೆಂಡು ಒದೆಯಲೆಂದೇ ಇರುವ ಕಿಕ್ಕರ್, ಪಂಟರ್, ಅವರಿಗೆ ಚೆಂಡು ಎಸೆದುಕೊಡುವ ಲಾಂಗ್ ಸ್ನ್ಯಾಪರ್‌ಗಳನ್ನು ತೆಗೆದು ಬದಿಗಿಟ್ಟೆ. ಅವರಿಗೆ ಯಾವಾಗಲೂ ಕಡಿಮೆ ಅಂಕ. ಒಳ್ಳೆಯ ಕಿಕ್ಕರ್ ಸಿಕ್ಕಿದ್ದಕ್ಕೇ ಕ್ಲಾಸ್‌ನ ಸರಾಸರಿ ಇಳಿಯುವುದು ತಮಾಷೆ ಅಲ್ವಾ. ಜೂನಿಯರ್ ಕಾಲೇಜಿನಿಂದ ಬಂದವರಿಗೂ ಬೇರೆ ಸಾಲು.

ನಿಜವಾದ ತಲೆನೋವು ಹೆಸರು ಹೊಂದಿಸುವುದು. ಒಂದು ಪಟ್ಟಿಯಲ್ಲಿ ಜೆ.ಕೆ. ಡಾಬಿನ್ಸ್ ಚುಕ್ಕಿ ಇಟ್ಟುಕೊಂಡು ಬರುತ್ತಾನೆ, ಇನ್ನೊಂದರಲ್ಲಿ ಚುಕ್ಕಿ ಇಲ್ಲದೆ. ಒಂದು ಕಡೆ ಹೆಸರಿನ ಮುಂದೆ ಜೂನಿಯರ್ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಒಂದೇ ಹೆಸರಿನವರು ಇಬ್ಬರು ಮೂವರು ಇರುವುದೂ ಉಂಟು. ಹೆಸರನ್ನು ನಂಬದೆ ಹೈಸ್ಕೂಲ್ ಮತ್ತು ಪಾಸಾದ ವರ್ಷ ಎರಡನ್ನೂ ಸೇರಿಸಿ ಗುರುತು ಮಾಡಿದೆ. ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಇದನ್ನೇ ಮಾಡಿಕೊಳ್ಳಿ.

ಎರಡನೇ ಹಾಳೆಗೆ ಡ್ರಾಫ್ಟ್‌ನ ಲೆಕ್ಕ. ಆದರೆ ಎಷ್ಟು ಜನ ಆಯ್ಕೆಯಾದರು ಎಂದು ಎಣಿಸಿದರೆ ಸಾಲದು. ಎರಡನೆಯವನಾಗಿ ಹೋದವನೂ ಏಳನೇ ಸುತ್ತಿನಲ್ಲಿ ಹೋದವನೂ ಒಂದೇ ಆಗಿಬಿಡುತ್ತಾರೆ. ಡಲ್ಲಾಸ್ ಕೌಬಾಯ್ಸ್ ಕೋಚ್ ಆಗಿದ್ದ ಜಿಮ್ಮಿ ಜಾನ್ಸನ್ ಹೆಸರಿನಲ್ಲಿ ಒಂದು ಹಳೆಯ ಬೆಲೆಪಟ್ಟಿ ಇದೆ. ಮೊದಲ ಆಯ್ಕೆಗೆ 3000, ಎರಡನೆಯದಕ್ಕೆ 2600, ಹದಿನಾರನೆಯದಕ್ಕೆ 1000, ಮೂವತ್ತೆರಡನೆಯದಕ್ಕೆ 590. ಮೇಲಿನ ಆಯ್ಕೆಗಳಿಗೆ ಇದು ತೀರಾ ಜಾಸ್ತಿ ಬೆಲೆ ಕಟ್ಟುತ್ತದೆ ಎಂಬ ದೂರು ಇದೆ, ನಿಜ. ಆದರೆ ಎಲ್ಲರಿಗೂ ಗೊತ್ತಿರುವ ಪಟ್ಟಿ, ಎಲ್ಲ ವರ್ಷಕ್ಕೂ ಅದೇ ಅಳತೆ. ನನಗೆ ಅಷ್ಟು ಸಾಕು.

ಈಗ ಊಟದ ಹೊತ್ತಿನ ಜಗಳಕ್ಕೆ ಬರೋಣ. ಓಹಾಯೋ ಸ್ಟೇಟ್‌ನ 2017ರ ಕ್ಲಾಸ್‌ನಲ್ಲಿ ಫೈವ್ ಸ್ಟಾರ್‌ಗಳ ಸಾಲೇ ಇತ್ತು. ಚೇಸ್ ಯಂಗ್, ಜೆಫ್ ಒಕುಡಾ, ಬೇರನ್ ಬ್ರೌನಿಂಗ್, ಶಾನ್ ವೇಡ್. 2020ರ ಡ್ರಾಫ್ಟ್‌ನಲ್ಲಿ ಯಂಗ್ ಎರಡನೆಯವನು, ಒಕುಡಾ ಮೂರನೆಯವನು. 2600ಕ್ಕೆ 2200 ಸೇರಿಸಿ 4800. ಮೊದಲ ಸುತ್ತಿನ ಲೆಕ್ಕ ಅಲ್ಲಿಗೇ ನಿಂತಿತು. ಬ್ರೌನಿಂಗ್ ಮೂರನೇ ಸುತ್ತಿನಲ್ಲಿ ಹೋದ, ವೇಡ್ ಐದನೆಯದರಲ್ಲಿ.

2013ರ ಕ್ಲಾಸ್ ನೋಡಿ. ಜೋಯಿ ಬೋಸಾ 3ನೆಯವನು, ಎಜೆಕಿಯಲ್ ಎಲಿಯಟ್ 4, ಇಲೈ ಆಪಲ್ 10, ಡ್ಯಾರನ್ ಲೀ 20. ಇವರೆಲ್ಲ 2016ರ ಒಂದೇ ಡ್ರಾಫ್ಟ್‌ನಲ್ಲಿ. ಮರುವರ್ಷ ಗ್ಯಾರಿಯನ್ ಕಾನ್ಲಿ 24, 2018ರಲ್ಲಿ ಬಿಲ್ಲಿ ಪ್ರೈಸ್ 21. ಕೂಡಿಸಿದರೆ 2200, 1800, 1300, 850, 740, 800. ಒಟ್ಟು 7690. ಇವರಲ್ಲಿ ಡ್ಯಾರನ್ ಲೀ ಬರೀ ಥ್ರೀ ಸ್ಟಾರ್. ನಮ್ಮ ಕೊಲಂಬಸ್ ಪಕ್ಕದ ನ್ಯೂ ಆಲ್ಬನಿಯ ಹುಡುಗ. ಕಾನ್ಲಿ ಮೊದಲು ಹಳೆಯ ಎದುರಾಳಿ ಮಿಶಿಗನ್‌ಗೆ ಮಾತು ಕೊಟ್ಟು ಆಮೇಲೆ ಈ ಕಡೆ ಬಂದವನು. ಇಲ್ಲಿಯವರು ಆ ರಾಜ್ಯದ ಹೆಸರನ್ನೇ ಬಾಯಲ್ಲಿ ಹೇಳುವುದಿಲ್ಲ, ಹಾಗಾಗಿ ಈ ಕಥೆ ಅವರಿಗೆ ಎರಡು ಪಟ್ಟು ಸಿಹಿ.

ಅಲಬಾಮಾದ 2017ರ ಕ್ಲಾಸ್ ಹಾಕಿದಾಗ ನಾನೇ ಇನ್ನೊಮ್ಮೆ ಕೂಡಿಸಿದೆ. ಟುವಾ ಟಾಗೊವೈಲೊವಾ 5, ಜೆಡ್ರಿಕ್ ವಿಲ್ಸ್ 10, ಹೆನ್ರಿ ರಗ್ಸ್ 12, ಜೆರ್ರಿ ಜೂಡಿ 15. ಅದು 2020ರ ಡ್ರಾಫ್ಟ್. ಮುಂದಿನ ವರ್ಷ ಡೆವಾಂಟಾ ಸ್ಮಿತ್ 10, ಮ್ಯಾಕ್ ಜೋನ್ಸ್ 15, ಅಲೆಕ್ಸ್ ಲೆದರ್‌ವುಡ್ 17, ನಜೀ ಹ್ಯಾರಿಸ್ 24. ಒಂದೇ ಕ್ಲಾಸ್‌ನಿಂದ ಮೊದಲ ಸುತ್ತಿಗೆ ಎಂಟು ಜನ! ಒಟ್ಟು 9290. ಓಹಾಯೋ ಸ್ಟೇಟ್‌ಗೆ ಬಂದದ್ದರ ಹತ್ತಿರ ಹತ್ತಿರ ಎರಡು ಪಟ್ಟು. ಅದರಲ್ಲಿ ಮ್ಯಾಕ್ ಜೋನ್ಸ್ ಸಹಿ ಹಾಕಿದಾಗ ಥ್ರೀ ಸ್ಟಾರ್. ಈ ಎರಡು 2017ರ ಕ್ಲಾಸ್‌ಗಳಲ್ಲಿ ಕಾಲೇಜಿನಲ್ಲೇ ಉಳಿದಿದ್ದವರು 2021ರ ಜನವರಿಯಲ್ಲಿ ಚಾಂಪಿಯನ್‌ಶಿಪ್ ಫೈನಲ್‌ನಲ್ಲೇ ಎದುರಾದರು. ಅಲಬಾಮಾ 52, ಓಹಾಯೋ ಸ್ಟೇಟ್ 24. ಸ್ಮಿತ್ ಮೊದಲರ್ಧದಲ್ಲೇ 215 ಗಜ, ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು) ಮಾಡಿಟ್ಟ. ಹಾಳೆಯಲ್ಲಿ ಕಂಡ ಅಂತರ ಮೈದಾನದಲ್ಲೂ ಕಂಡಿತ್ತು.

ಹಾಗಂತ ಡ್ರಾಫ್ಟ್ ಒಂದನ್ನೇ ನಂಬಿದರೆ ಜೆ.ಟಿ. ಬ್ಯಾರೆಟ್ ತರಹದವರು ಕಳೆದುಹೋಗುತ್ತಾರೆ. ಅವನೂ 2013ರ ಕ್ಲಾಸ್. ಓಹಾಯೋ ಸ್ಟೇಟ್ ಪರ 104 ಪಾಸಿಂಗ್ ಟಚ್‌ಡೌನ್ ಕೊಟ್ಟ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. 2018ರ ಡ್ರಾಫ್ಟ್‌ನಲ್ಲಿ ಅವನನ್ನು ಯಾರೂ ತೆಗೆದುಕೊಳ್ಳಲಿಲ್ಲ. ನನ್ನ ಹಾಳೆಯಲ್ಲಿ ಅವನ ಬೆಲೆ ಸೊನ್ನೆ! ಕೋಚ್ ಸಂಬಳ ತೆಗೆದುಕೊಳ್ಳುವುದು ಕಾಲೇಜಿಗೆ ಪಂದ್ಯ ಗೆದ್ದುಕೊಡಲು, ಎನ್‌ಎಫ್‌ಎಲ್‌ಗೆ ಆಳು ಒದಗಿಸಲು ಅಲ್ಲ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ, ಪ್ರತಿಯೊಬ್ಬ ಮೊದಲ ಹನ್ನೊಂದರಲ್ಲಿ ಎಷ್ಟು ಪಂದ್ಯ ಶುರು ಮಾಡಿದ ಎಂದು ತುಂಬಿದೆ. ಆ ಕಾಲಂನಲ್ಲಿ 2013ರ ಕ್ಲಾಸ್ ಇನ್ನೂ ಮೇಲೇರಿತು. 2014ರ ಸೀಸನ್ನಿನ ಚಾಂಪಿಯನ್‌ಶಿಪ್ ಗೆದ್ದವರಲ್ಲಿ ಇವರದೇ ದೊಡ್ಡ ಪಾಲು. ಫೈನಲ್‌ನಲ್ಲಿ ಆರೆಗಾನ್ ಮೇಲೆ ಎಲಿಯಟ್ 246 ಗಜ ಓಡಿ ನಾಲ್ಕು ಟಚ್‌ಡೌನ್ ಮಾಡಿದ. ಆಫೀಸಿನಲ್ಲಿ 2017ರ ಪರ ಇದ್ದವರು ಇದಾದ ಮೇಲೆ ಮಾತು ಬದಲಿಸಿ ಬಾಸ್ಕೆಟ್‌ಬಾಲ್‌ಗೆ ಹೋದರು.

ತೀರಾ ಹಿಂದಕ್ಕೆ ಹೋದರೆ ನಿಯಮಗಳೇ ಬೇರೆ. 1973ರಲ್ಲಿ ಒಂದು ತಂಡಕ್ಕೆ 105 ಸ್ಕಾಲರ್‌ಶಿಪ್ ಎಂಬ ಮಿತಿ ಬಂತು. 1978ರಲ್ಲಿ ಅದು 95 ಆಯಿತು, ತೊಂಬತ್ತರ ದಶಕದ ಮೊದಲರ್ಧದಲ್ಲಿ 85. ಮಿತಿ ಬರುವ ಮೊದಲು ದೊಡ್ಡ ಕಾಲೇಜುಗಳು ಹುಡುಗರನ್ನು ರಾಶಿ ಹಾಕಿಕೊಳ್ಳುತ್ತಿದ್ದವು. ಜಾನಿ ಮೇಜರ್ಸ್ 1973ರಲ್ಲಿ ಪಿಟ್ಸ್‌ಬರ್ಗ್‌ಗೆ ಬಂದಾಗ ದೊಡ್ಡ ಹಿಂಡನ್ನೇ ತಂದರು. ಅದರಲ್ಲಿ ಟೋನಿ ಡಾರ್ಸೆಟ್ ಇದ್ದ. 1976ರಲ್ಲಿ ಅವನಿಗೆ ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ, ತಂಡಕ್ಕೆ ಚಾಂಪಿಯನ್ ಪಟ್ಟ. ಅಂಥ ಹಿಂಡನ್ನು ಇಂದಿನ ಇಪ್ಪತ್ತೊಂದು ಜನರ ಕ್ಲಾಸ್ ಪಕ್ಕ ನಿಲ್ಲಿಸಿ ತೂಗುವುದು ಹೇಗೆ? ಹತ್ತಿರದಲ್ಲೂ ಇಂಥದ್ದು ಇದೆ. 2009ರಲ್ಲಿ ಓಲ್ ಮಿಸ್ (ಮಿಸಿಸಿಪಿ ವಿಶ್ವವಿದ್ಯಾಲಯ) 37 ಜನರಿಂದ ಸಹಿ ಹಾಕಿಸಿತು. ಅದನ್ನು ನೋಡಿಯೇ ಆ ತಂಡ ಆಡುವ ಎಸ್‌ಇಸಿ ಲೀಗ್ ವರ್ಷಕ್ಕೆ 28ರ ಮಿತಿ ತಂದಿತು. ಹಾಗಾಗಿ ಒಟ್ಟು ಬೆಲೆ ಒಂದು ಕಡೆ, ತಲಾ ಬೆಲೆ ಇನ್ನೊಂದು ಕಡೆ, ಎರಡನ್ನೂ ಇಟ್ಟುಕೊಂಡೆ. 2002ಕ್ಕಿಂತ ಹಿಂದಿನದನ್ನು ಮೊದಲ ಹಾಳೆಗೆ ಸೇರಿಸಲೇ ಇಲ್ಲ. ಆ ಕಾಲದಲ್ಲಿ ಪತ್ರಿಕೆಯವರ ಆಲ್ ಅಮೆರಿಕನ್ ಪಟ್ಟಿಗಳು ಇದ್ದವು, ಆದರೆ ಸಾಲಾಗಿ ಎಲ್ಲರಿಗೂ ಅಂಕ ಹಾಕಿದ್ದು ಹಾಗೆ ಸಿಗುವುದಿಲ್ಲ.

ಎಲ್ಲಕ್ಕಿಂತ ಕಗ್ಗಂಟು ಕಾಲೇಜು ಬದಲಿಸುವವರದು. ಜೋ ಬರೋ 2015ರಲ್ಲಿ ಓಹಾಯೋ ಸ್ಟೇಟ್‌ಗೆ ಸಹಿ ಹಾಕಿದವನು. ಇಲ್ಲಿ ಬೆಂಚ್ ಕಾಯಿಸಿದರು. 2018ರಲ್ಲಿ ಎಲ್‌ಎಸ್‌ಯುಗೆ (ಲೂಸಿಯಾನ ಸ್ಟೇಟ್) ಹೋದ. ಮರುವರ್ಷ ಹೈಸ್‌ಮನ್, ಚಾಂಪಿಯನ್‌ಶಿಪ್, ಆಮೇಲೆ 2020ರ ಡ್ರಾಫ್ಟ್‌ನ ಮೊದಲ ಆಯ್ಕೆ. ಆ 3000 ಯಾರ ಖಾತೆಗೆ? ನಾನು ಹೀಗೆ ಹಂಚಿದೆ: ಹುಡುಗನನ್ನು ಗುರುತಿಸಿದ ಹೆಗ್ಗಳಿಕೆ ಮೊದಲು ಸಹಿ ಹಾಕಿಸಿದ ಕ್ಲಾಸ್‌ಗೆ, ಆಡಿದ ಪಂದ್ಯಗಳು ಆಡಿಸಿದವರಿಗೆ. ಲೂಸಿಯಾನದಿಂದ ಬಂದ ಸಹೋದ್ಯೋಗಿಯೊಬ್ಬರು ಇದನ್ನು ಇಂದಿಗೂ ಒಪ್ಪುವುದಿಲ್ಲ. "ಕೂರಿಸಿಕೊಂಡವರಿಗೂ ಪಾಲೇನು?" ಎನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ.

ಕಾಲೇಜು ಬದಲಿಸಬೇಕೆನ್ನುವವರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಬಂದದ್ದು 2018ರ ಅಕ್ಟೋಬರ್‌ನಲ್ಲಿ. 2021ರಲ್ಲಿ ಒಂದು ಸಲ ಕಾಲೇಜು ಬದಲಿಸಿದರೆ ವರ್ಷ ಸುಮ್ಮನೆ ಕೂರಬೇಕಿಲ್ಲ ಎಂದಾಯಿತು. ಅದೇ ಜುಲೈನಲ್ಲಿ ಹುಡುಗರು ತಮ್ಮ ಹೆಸರಿನಿಂದ ದುಡ್ಡು ಮಾಡಿಕೊಳ್ಳಬಹುದು ಎಂಬ ಎನ್‌ಐಎಲ್ ನಿಯಮ. ಟೆಕ್ಸಸ್ ಎ ಅಂಡ್ ಎಂ ತಂಡದ 2022ರ ಕ್ಲಾಸ್ ಇದರ ಮಧ್ಯೆ ಬಂತು. ಕಾಂಪೊಸಿಟ್ ಅಂಕದಲ್ಲಿ ಅಲ್ಲಿಯವರೆಗಿನ ದಾಖಲೆ ಮುರಿದ ಕ್ಲಾಸ್. ಆ ವರ್ಷ ತಂಡ 5 ಗೆದ್ದು 7 ಸೋತಿತು. ಮರುವರ್ಷ ನವೆಂಬರ್‌ನಲ್ಲಿ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದರು, ಒಪ್ಪಂದದ ಬಾಕಿಯೇ 75 ಮಿಲಿಯನ್ ಡಾಲರ್ ದಾಟಿತ್ತು. ಹುಡುಗರು ಒಬ್ಬೊಬ್ಬರಾಗಿ ಚದುರಿದರು. ಎವನ್ ಸ್ಟೂವರ್ಟ್ ಆರೆಗಾನ್‌ಗೆ, ಎಲ್.ಟಿ. ಓವರ್ಟನ್ ಅಲಬಾಮಾಗೆ, ವಾಲ್ಟರ್ ನೋಲೆನ್ ಓಲ್ ಮಿಸ್‌ಗೆ. 2025ರ ಡ್ರಾಫ್ಟ್‌ನಲ್ಲಿ ನೋಲೆನ್ 16ನೆಯವನು. ಅವನ ಬೆನ್ನಿಗೇ 17ನೆಯವನು ಶೆಮಾರ್ ಸ್ಟೂವರ್ಟ್, ಅದೇ ಕ್ಲಾಸ್‌ನವನು, ಎ ಅಂಡ್ ಎಂನಲ್ಲೇ ಉಳಿದವನು. ಬೆಲೆಪಟ್ಟಿಯಲ್ಲಿ ಇಬ್ಬರಿಗೂ ಸೇರಿ 1950. ಹುಡುಗರನ್ನು ಆರಿಸುವುದರಲ್ಲಿ ತಪ್ಪಿರಲಿಲ್ಲ, ಹಿಡಿದಿಟ್ಟುಕೊಳ್ಳಲು ಆಗಲಿಲ್ಲ ಎಂದು ನನ್ನ ಎರಡು ಖಾತೆ ಹೇಳುತ್ತವೆ. ಈ ಕ್ಲಾಸ್‌ಗೆ ನಾನಿನ್ನೂ ಗೆರೆ ಎಳೆದಿಲ್ಲ. ಒಂದು ವರ್ಷ ರೆಡ್‌ಶರ್ಟ್ ಆಗಿ, ಅಂದರೆ ತಂಡದಲ್ಲಿದ್ದೂ ಆಡದೆ ಕೂತವರು ಆಮೇಲೆ ನಾಲ್ಕು ವರ್ಷ ಆಡಿ 2027ರ ಡ್ರಾಫ್ಟ್‌ಗೆ ಬರುತ್ತಾರೆ.

2025ರ ಸೀಸನ್ನಿನಲ್ಲಿ ಚಾಂಪಿಯನ್ ಆದದ್ದು ಇಂಡಿಯಾನಾ. ನನ್ನ ಮೊದಲ ಹಾಳೆಯಲ್ಲಿ ಹುಡುಕಿದರೆ ಆ ತಂಡ ಮೇಲ್ಸಾಲಿನಲ್ಲಿ ಎಲ್ಲೂ ಸಿಗುವುದಿಲ್ಲ. ಕೋಚ್ ಕರ್ಟ್ ಸಿಗ್ನೆಟಿ ತಾವು ಹಿಂದೆ ಕೋಚ್ ಆಗಿದ್ದ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ ಹುಡುಗರನ್ನು ಜೊತೆಗೇ ಕರೆತಂದರು. ಹೈಸ್‌ಮನ್ ಗೆದ್ದ ಫರ್ನಾಂಡೊ ಮೆಂಡೋಜಾ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡದಿಂದ ಪೋರ್ಟಲ್ ಮೂಲಕ ಬಂದವನು. ಅವರಿಗೆಲ್ಲ ಹೈಸ್ಕೂಲ್ ಅಂಕಕ್ಕಿಂತ ಕಾಲೇಜಿನಲ್ಲಿ ಆಡಿದ ಪಂದ್ಯಗಳೇ ದೊಡ್ಡ ದಾಖಲೆ. ಅದಕ್ಕೇ ಈಗ ಮೂರನೇ ಹಾಳೆ ಶುರು ಮಾಡಿದ್ದೇನೆ: ಪೋರ್ಟಲ್‌ನಲ್ಲಿ ಬಂದವನ ವಯಸ್ಸು, ಹಿಂದಿನ ಕಾಲೇಜಿನಲ್ಲಿ ಆಡಿದ ಪಂದ್ಯ, ಇನ್ನೆಷ್ಟು ವರ್ಷ ಬಾಕಿ. ಇಪ್ಪತ್ಮೂರು ವರ್ಷದ ಲೈನ್‌ಮನ್‌ಗೂ ಹದಿನೆಂಟರ ಫೈವ್ ಸ್ಟಾರ್‌ಗೂ ಒಂದೇ ಕಾಲಂನಲ್ಲಿ ಹೇಗೆ ಬೆಲೆ ಕಟ್ಟುವುದು ಎಂಬುದು ಸದ್ಯಕ್ಕೆ ಊಟದ ಹೊತ್ತಿನ ಹೊಸ ಜಗಳ.