ಮೊದಲ ಸಲ ದೇಶ ನೋಡಲು ಹೊರಡುವವರಿಗೆ ಒಂದು ಸಲಹೆ

ಮಂಡ್ಯ, ಮೈಸೂರು ಕಡೆಯಿಂದ ಮೊದಲ ಬಾರಿಗೆ ಉತ್ತರ ಭಾರತ ನೋಡಲು ಹೊರಡುವವರು ಪ್ರತಿ ಊರಿಗೂ ಬಿಡಿಬಿಡಿಯಾಗಿ ಟಿಕೆಟ್ ತೆಗೆಯುವ ಮೊದಲು, ರೈಲ್ವೆಯ ಸರ್ಕ್ಯುಲರ್ ಜರ್ನಿ ಟಿಕೆಟ್ ಬಗ್ಗೆ ಮೈಸೂರು ನಿಲ್ದಾಣದಲ್ಲಿ ದಯವಿಟ್ಟು ವಿಚಾರಿಸಿ. ಹೊರಟ ನಿಲ್ದಾಣಕ್ಕೇ ಮರಳಿ ಬರುವ ಈ ಟಿಕೆಟ್‌ನಲ್ಲಿ ದಾರಿಯ ಮಧ್ಯೆ ಗರಿಷ್ಠ 8 ಕಡೆ ಇಳಿದು ತಂಗಬಹುದು; ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ದರ ಇಳಿಯುವುದರಿಂದ ಒಟ್ಟು ಖರ್ಚು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ನೋಡಬೇಕಾದ ಊರುಗಳನ್ನು ಕ್ರಮವಾಗಿ ಬರೆದುಕೊಡಬೇಕು, ನಂತರ ಪ್ರತಿ ಹಂತದ ಸೀಟನ್ನು ಬೇರೆಯಾಗಿ ಕಾಯ್ದಿರಿಸಬೇಕು. ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿದಿದೆ. ದಸರಾ ರಜೆಯಲ್ಲಿ ಹೊರಡುವವರು ಇದನ್ನು ಮರೆಯಬಾರದು.

ಊಟದ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ. ಮೈಸೂರಿನಿಂದ ವಾರಾಣಸಿಗೆ ಹೊರಟಾಗ ಅವ್ವ ಡಬ್ಬಿ ತುಂಬ ರಾಗಿ ಹುರಿಹಿಟ್ಟು, ಪುಡಿ ಮಾಡಿದ ಬೆಲ್ಲ ಕಟ್ಟಿಕೊಟ್ಟಿದ್ದರು. ಎರಡನೆಯ ದಿನ ಸ್ಟೀಲ್ ಲೋಟದಲ್ಲಿ ಅದನ್ನು ಬಿಸಿ ಹಾಲಿಗೆ ಕಲಸುತ್ತಿದ್ದಾಗ, ಎದುರು ಸೀಟಿನಲ್ಲಿದ್ದ ಬಿಹಾರದ ಅಜ್ಜಿಯೊಬ್ಬರು ಕುತೂಹಲದಿಂದ ಒಂದು ಚಮಚ ಕೇಳಿ ತಿಂದು, ತಮ್ಮ ಚೀಲದಿಂದ ಹುರಿಗಡಲೆಯ ಹಿಟ್ಟನ್ನು ತೆಗೆದು ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿಯೊಂದಿಗೆ ಕಲಸಿ ನನ್ನ ಕೈಗಿಟ್ಟರು. ಆದ್ದರಿಂದ ಹುರಿಹಿಟ್ಟನ್ನು ನಿಮಗೆ ಬೇಕಾದುದಕ್ಕಿಂತ ಅರ್ಧ ಸೇರು ಹೆಚ್ಚಾಗಿಯೇ ಒಯ್ಯಿರಿ.