ತಾರಸಿ ನೀರು ಚರಂಡಿಗೆ ಬಿಡಬೇಡಿ
ಚಿತ್ರದುರ್ಗದವರಿಗೆ ನೀರಿನ ಬೆಲೆ ಹೇಳಿಕೊಡಬೇಕಿಲ್ಲ. ಆದರೂ ಮಳೆ ಬಂದಾಗ ತಾರಸಿ ನೀರೆಲ್ಲ ಸುಮ್ನೆ ಚರಂಡಿ ಸೇರುತ್ತದೆ, ಅಲ್ವಾ? ಒಂದು ಚದರ ಮೀಟರ್ ಜಾಗಕ್ಕೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಅಂದರೆ 1000 ಚದರ ಅಡಿ ತಾರಸಿಗೆ 10 ಮಿ.ಮೀ. ಮಳೆ ಬಂದರೂ ಸುಮಾರು 900 ಲೀಟರ್!

ತಾರಸಿ ಪೈಪಿನ ಕೆಳಗೆ ಒಂದು ಡ್ರಮ್ ಇಡಿ. ಬಾಯಿಗೆ ಹಳೇ ಪಂಚೆಯನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ. ಕಸ ನಿಲ್ಲುತ್ತದೆ, ಸೊಳ್ಳೆಯೂ ಒಳಗೆ ಹೋಗುವುದಿಲ್ಲ. ಮಳೆ ಶುರುವಾದ ಮೊದಲ ಹತ್ತು ನಿಮಿಷದ ನೀರು ಹಿಡಿಯಬೇಡಿ. ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಅದರಲ್ಲೇ ಇರುತ್ತದೆ. ಡ್ರಮ್ ತುಂಬಿ ಜಾಸ್ತಿಯಾದದ್ದು ಪೈಪಿನಲ್ಲಿ ಗಿಡದ ಪಾತಿಗೆ ಹೋಗಲಿ. ನಮ್ಮ ಕೋಟೆಯ ಹೊಂಡಗಳದ್ದೂ ಇದೇ ಉಪಾಯ ತಾನೇ? ಮೇಲಿನದು ತುಂಬಿದರೆ ಕೆಳಗಿನದಕ್ಕೆ ಹರಿಯುತ್ತದೆ.

ಕುಡಿಯಲು ಈ ನೀರು ಬೇಡ. ಬಟ್ಟೆ ಒಗೆಯಲು ಬಳಸಿ ನೋಡಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ. ಮಳೆ ನೀರಿಗೆ ಸ್ವಲ್ಪ ಸೋಪು ಸಾಕು. ಹಿಡಿದ ನೀರನ್ನು ವಾರದೊಳಗೆ ಖರ್ಚು ಮಾಡಿ, ಡ್ರಮ್ ಒಳಗೆ ಚೆನ್ನಾಗಿ ತಿಕ್ಕಿ ಒಣಗಿಸಿ.